ಮೂವತ್ತೇಳು ಡಿಗ್ರಿ

ಕನ್ನಡಕದ ಅಂಗಡಿಯವನು ಹಾವು ಸಾಕತೊಡಗಿ ಒಂಬತ್ತು ವರ್ಷವಾಗಿತ್ತು. ಮೂರೂವರೆ ಅಡಿಯ ಸಣ್ಣ ಜಾತಿಯ ಹೆಬ್ಬಾವು. ಸದಾ ಸುರುಳಿ ಸುತ್ತಿಕೊಂಡೇ ಬಿದ್ದಿರುತ್ತಿದ್ದುದರಿಂದ ಅದನ್ನು ಸಿಂಬಿ ಎಂದು ಕರೆಯುತ್ತಿದ್ದ. ಅದರ ಗಾಜಿನ ಪೆಟ್ಟಿಗೆ ನಡುಮನೆಯಲ್ಲಿತ್ತು. ತಳದ ಅಡಿಯಲ್ಲಿ ಕರೆಂಟಿನಿಂದ ಬಿಸಿಯಾಗುವ ತೆಳುವಾದ ಹಾಸು. ಒಳಗೆ ಶಾಖ ಅಳೆಯುವ ಒಂದು ತಂತಿ. ಮೂವತ್ತೆರಡು ಡಿಗ್ರಿ ದಾಟಿತೆಂದು ತಂತಿ ತಿಳಿಸಿದರೆ ಗೋಡೆಯ ಮೇಲಿನ ಯಂತ್ರ ಹಾಸಿನ ಕರೆಂಟನ್ನು ತಾನೇ ನಿಲ್ಲಿಸುತ್ತಿತ್ತು.

ಅಕ್ಕ ಬಂದು ನಾಲ್ಕು ತಿಂಗಳಾಗಿತ್ತು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ನಿವೃತ್ತಿಯಾದ ಮೇಲೆ ತಮ್ಮನ ಜೊತೆ ಇರಲು ಬಂದಿದ್ದಳು. ಮೊದಲ ದಿನ ಪೆಟ್ಟಿಗೆ ನೋಡಿ, "ನಿನಗೊಂದು ಮದುವೆ ಮಾಡದೆ ಬಿಟ್ಟಿದ್ದು ನಮ್ಮದೇ ತಪ್ಪು ಕಣೋ" ಎಂದು ನಕ್ಕಿದ್ದಳು.

ಮೂರನೇ ತಿಂಗಳಿಗೆ ಸಿಂಬಿ ತಿನ್ನುವುದನ್ನು ಬಿಟ್ಟಿತು. ಆಮೇಲೆ ಸುರುಳಿಯನ್ನೂ ಬಿಟ್ಟು ಗಾಜಿನುದ್ದಕ್ಕೂ ಹರಿದಾಡತೊಡಗಿತು. ಮೂತಿಯನ್ನು ಮೂಲೆಗೆ ಒತ್ತಿ ಒತ್ತಿ ತೊಗಲು ಸುಲಿದುಹೋಯಿತು. ಅವನು ಸಂಜೆ ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಯಂತ್ರ ಮೂವತ್ತೇಳು ತೋರಿಸುತ್ತಿತ್ತು. ಊಟದ ಹೊತ್ತಿಗೆ ತಾನಾಗಿ ಇಳಿಯುತ್ತಿತ್ತು. ಮರುದಿನ ಸಂಜೆ ಮತ್ತೆ ಮೂವತ್ತೇಳು. ಹೊಸ ಯಂತ್ರ ತಂದು ಹಾಕಿದ. ಅದೂ ಹಾಗೆಯೇ.

ಎಲೆಕ್ಟ್ರಿಷಿಯನ್ ಬಂದು ಎಲ್ಲ ಬಿಚ್ಚಿ ನೋಡಿದ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನ ಕೈಗಳನ್ನೇ ನೋಡುತ್ತಿದ್ದಳು.

"ತಂತಿ ಸರಿ ಇದೆ, ಯಂತ್ರ ಸರಿ ಇದೆ," ಎಂದ ಅವನು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ದನಿ ತಗ್ಗಿಸಿದ. "ಕೆಟ್ಟಿರೋ ಸಾಮಾನು ದಿನಾ ಒಂದೇ ಲೆಕ್ಕದಲ್ಲಿ ಕೆಡಲ್ಲ ಸಾರ್. ಹಗಲು ಮನೇಲಿ ಯಾರಿರ್ತಾರೆ?"

ಅಂಗಡಿಯವನು ಹಣ ಕೊಟ್ಟು ಕಳಿಸಿದ. ಮರುದಿನ ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಬಂದ.

ಅಕ್ಕ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು, ರೋಗಿಯ ಪಕ್ಕ ಕೂತ ಹಾಗೆ. ಕಂಕುಳಲ್ಲಿ ಥರ್ಮಾಮೀಟರ್. ಪೆಟ್ಟಿಗೆಯೊಳಗೆ, ಶಾಖ ಅಳೆಯುವ ತಂತಿಯ ತುದಿಗೆ ಒದ್ದೆ ಹತ್ತಿ ಸುತ್ತಿ, ಮೇಲೆ ಬ್ಯಾಂಡೇಜು ಬಟ್ಟೆ ಕಟ್ಟಿತ್ತು. ಒಂದು ಎಳೆಯೂ ಆಚೀಚೆ ಆಗದ, ನುರಿತ ಕೈಯ ಕಟ್ಟು. ಒದ್ದೆ ಹತ್ತಿಯ ತಂಪಿಗೆ ಯಂತ್ರ ಮೋಸಹೋಗಿ ಹಾಸನ್ನು ಕಾಯಿಸುತ್ತಲೇ ಇತ್ತು. ಸಂಜೆ ಅವನು ಬರುವ ಮೊದಲು ಅವಳು ಕಟ್ಟನ್ನು ಬಿಚ್ಚಿಡುತ್ತಿದ್ದಿರಬೇಕು.

"ಅಕ್ಕ, ಏನಿದು?"

ಅವಳು ಗಾಬರಿಯಾಗಲಿಲ್ಲ. ಥರ್ಮಾಮೀಟರ್ ತೆಗೆದು ಬೆಳಕಿಗೆ ಹಿಡಿದಳು. "ಮೆಲ್ಲಗೆ ಮಾತಾಡು. ಕತ್ತಲಲ್ಲೂ ಮೈಬಿಸಿಯಿಂದ ಗುರುತು ಹಿಡಿಯುತ್ತೆ ಅಂತ ನೀನೇ ಹೇಳಿದ್ದೆ. ಅದರ ಸುತ್ತ ನನ್ನಷ್ಟೇ ಬಿಸಿ ಇದ್ರೆ, ನಾನೆಲ್ಲಿದ್ದೀನಿ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?"

"ಅದು ಇಲಿ ತಿನ್ನೋ ಪ್ರಾಣಿ ಅಕ್ಕ. ನಿನಗೇನೂ ಮಾಡಲ್ಲ."

"ನೀನು ಅಂಗಡಿಗೆ ಹೋಗ್ತೀಯ. ಇಡೀ ದಿನ ಅದೂ ನಾನೂ ಇಬ್ಬರೇ ಇರ್ತೀವಿ."

ನಾಲ್ಕು ತಿಂಗಳು ಅವಳ ಕೈಯ ಊಟ ಉಂಡಿದ್ದ, ಒಮ್ಮೆಯೂ ಮುಖ ನೋಡಿರಲಿಲ್ಲ ಎಂದು ಅವನಿಗೆ ಆಗ ಅನ್ನಿಸಿತು. ಕಣ್ಣಿನ ಕೆಳಗೆ ಕಪ್ಪು. ತುಟಿ ಒಡೆದಿತ್ತು. ಹಾವನ್ನು ಎತ್ತಿದರೆ ಹೊಟ್ಟೆಯುದ್ದಕ್ಕೂ ಸುಟ್ಟ ಗುಳ್ಳೆ.

ಅಂದೇ ಅದನ್ನು ಪಶುವೈದ್ಯೆಯ ಬಳಿಗೆ ಒಯ್ದ. "ಬದುಕುತ್ತೆ," ಎಂದರು ಅವರು, "ಆದರೆ ನಿಮ್ಮ ಮನೆಗೆ ಬೇಡ." ಅವನು ತಲೆಯಾಡಿಸಿ, ಅವರು ಚಾಚಿದ ಕಾಗದಕ್ಕೆ ಸಹಿ ಹಾಕಿ, ಹಾವನ್ನು ಅಲ್ಲೇ ಬಿಟ್ಟು ಬಂದ. ಪೆಟ್ಟಿಗೆಯನ್ನು ಬಿಚ್ಚಿ ಹೊರಗೆ ಸಾಗಿಸಿದ. ಅಕ್ಕನನ್ನು ಕರೆದು ಖಾಲಿ ಜಾಗ ತೋರಿಸಿದ. ಅವಳು ಮಗುವಿನ ಹಾಗೆ ತಲೆದೂಗಿದಳು. ಆ ವಾರ ಇಬ್ಬರೂ ಒಟ್ಟಿಗೆ ಕೂತು ಉಂಡರು. ಅವಳು ಆಸ್ಪತ್ರೆಯ ಹಳೆಯ ಕಥೆಗಳನ್ನು ಹೇಳಿ ನಗಿಸಿದಳು. ಎಲ್ಲ ಸರಿಹೋಯಿತು ಎಂದುಕೊಂಡ.

ಸೋಮವಾರ ಸಂಜೆ ಬಂದಾಗ ಮನೆ ನಿಶ್ಶಬ್ದವಾಗಿತ್ತು. ಅಕ್ಕನ ಕೋಣೆಯ ಬಾಗಿಲಿನ ಹಿಡಿ ಬೆಚ್ಚಗಿತ್ತು. ತೆರೆದರೆ ಮುಖಕ್ಕೆ ಝಳ ಹೊಡೆಯಿತು. ಬಿರುಬೇಸಗೆಯಲ್ಲಿ ಕಿಟಕಿಗಳನ್ನೆಲ್ಲ ಜಡಿದು, ಸಂದುಗಳಿಗೆ ಬಟ್ಟೆ ತುರುಕಿ, ಎರಡು ಹೀಟರ್ ಹಚ್ಚಿಕೊಂಡು ಅವಳು ಮಂಚದ ನಡುವೆ ಕಾಲು ಮಡಚಿ ಕೂತಿದ್ದಳು. ಕೂದಲು ಹಣೆಗೆ ಅಂಟಿತ್ತು.

"ಅಕ್ಕ, ಅದು ಹೋಯ್ತಲ್ಲ. ನಾನೇ ಬಿಟ್ಟುಬಂದೆ."

"ನೀನು ಬಿಟ್ಟುಬಂದೆ," ಎಂದಳು ಅಕ್ಕ, ಮಂಚದ ಕೆಳಗಿನ ಕತ್ತಲಿನಿಂದ ಕಣ್ಣು ಕೀಳದೆ. "ಬಾಗಿಲು ಹಾಕೋ. ತಣ್ಣಗಿನ ಗಾಳಿ ಬರ್ತಿದೆ."

ಅವನು ಹೀಟರಿನ ಪ್ಲಗ್ಗಿಗೆ ಕೈ ಚಾಚಿದ. ಅಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು. ಆ ಹಿಡಿತ ಬಿಡಿಸಿಕೊಳ್ಳಲು ಅವನಿಂದಾಗಲಿಲ್ಲ.