ಸಾವಕ್ಕ ಬಾಗಿಲು ಹಾಕಿಕೊಂಡ ಮಧ್ಯಾಹ್ನ

ನಿಪ್ಪಾಣಿಯ ಆ ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸರು ಕಟ್ಟೆಯ ಮೇಲೆ ಕೂತರೆಂದರೆ ಕೈಗೆ ಕೆಲಸ, ಬಾಯಿಗೆ ಬಿಡುವು. ಯಾರ ಗಂಡ ಕುಡಿದು ಬಂದ, ಯಾರ ಸೊಸೆ ತವರಿಗೆ ಹೋದಳು, ಎಲ್ಲವೂ ಅಲ್ಲೇ ತೀರ್ಮಾನವಾಗಬೇಕು. ಸಾವಕ್ಕ ಇಪ್ಪತ್ತು ವರ್ಷದಿಂದ ಅಲ್ಲಿ ಕೂತವಳು. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಪಾಪ, ಅದನ್ನು ತನ್ನ ಒಳ್ಳೆಯ ಗುಣವೆಂದೇ ಅವಳು ತಿಳಿದಿದ್ದಳು.

ನಾಲ್ಕು ತಿಂಗಳ ಹಿಂದೆ ಅವಳ ಮಗಳು ಕೋಮಲ, ಪಿಯುಸಿ ಮೊದಲ ವರ್ಷದ ಹುಡುಗಿ, ರೊಟ್ಟಿ ಬಡಿಯುತ್ತಿದ್ದ ತಾಯಿಯ ಹಿಂದೆ ಬಂದು ನಿಂತಿದ್ದಳು. "ಅವ್ವಾ, ನನಗ ಬದುಕೂದ ಬ್ಯಾಡ ಅನಸಾಕತ್ತೈತಿ" ಅಂದಿದ್ದಳು.

"ಹೊಟ್ಟಿ ತುಂಬಿದ್ದು ಹೆಚ್ಚಾಗೇತಿ ನಿನಗ. ಹೋಗ, ಪುಸ್ತಕ ಹಿಡಕೊಂಡು ಕೂಡು" ಎಂದು ಸಾವಕ್ಕ ಗದರಿಸಿದ್ದಳು. ಆದರೆ ಒಳಗೆ ಹೆದರಿದ್ದಳು. ಹೆದರಿಕೆಯಾದರೆ ಆ ಓಣಿಯವರು ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಮರುದಿನ ಮಗಳ ಮಾತನ್ನು ಕಟ್ಟೆಗೆ ಒಯ್ದಳು. ಒಬ್ಬಳು ಯಾವನೋ ಹುಡುಗನ ಕಾಟ ಅಂದಳು. ಇನ್ನೊಬ್ಬಳು ಗಾಳಿ ಬಡಿದಿದೆ, ಯಡೂರಿನ ವೀರಭದ್ರನ ಹತ್ತಿರ ಒಯ್ಯಿ ಅಂದಳು. ಸಂಜೆ ಕೋಮಲ ಕಾಲೇಜಿನಿಂದ ಬರುವಾಗ ತುಳಸವ್ವ ಕಟ್ಟೆಯಿಂದಲೇ ಕೂಗಿದಳು: "ಏನವಾ ಕೋಮಲ, ಸಾಯಾಕ ಹೊಂಟಿಯಂತ?" ಎಲ್ಲರೂ ನಕ್ಕರು. ಅಕ್ಕರೆಯಿಂದಲೇ ನಕ್ಕರಂತೆ. ಬೆಂಕಿ ಬೀಳಲಿ ಅಂಥ ಅಕ್ಕರೆಗೆ!

ಅಂದಿನಿಂದ ಹುಡುಗಿಯ ಬಾಯಿ ಕಟ್ಟಿಹೋಯಿತು. ಕರೆದರೆ "ಹೂಂ", ಬಡಿಸಿದರೆ "ಸಾಕು", ಅಷ್ಟೇ. ಯಡೂರಿಗೂ ಹೋಗಿ ಬಂದದ್ದಾಯಿತು. ಅಲ್ಲಿ ಕೃಷ್ಣೆಯ ಮೆಟ್ಟಿಲ ಮೇಲೆ ಕೋಮಲ ನೀರನ್ನೇ ನೋಡುತ್ತ ನಿಂತಾಗ ಸಾವಕ್ಕ ಅವಳ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ, ಬಸ್ಸು ಹತ್ತುವವರೆಗೂ ಅಲ್ಲಿ ಬೆರಳಿನ ಗುರುತು ಕೆಂಪಗೆ ಉಳಿದಿತ್ತು. ಆ ನೋಟ ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂಬುದನ್ನು ಮಾತ್ರ ಯಾವ ಕಟ್ಟೆಯ ಮೇಲೂ ಅವಳು ಬಾಯಿ ಬಿಟ್ಟಿರಲಿಲ್ಲ.

ಇವತ್ತು ಮಧ್ಯಾಹ್ನ ಎಲ್ಲರೂ ಬೀಡಿ ಕಟ್ಟುತ್ತ ಕೂತಿದ್ದಾಗ ಪಕ್ಕದ ಮನೆಯ ಚಮನಬಿಯ ಮಗಳು ಮೆಹೆಕ ಬಂದಳು. ಅವಳ ಅಂಗೈಯಲ್ಲಿ ಕೋಮಲಳ ಬೆಳ್ಳಿಯ ಕಾಲ್ಗೆಜ್ಜೆಗಳಿದ್ದವು.

"ಕಾಕು, ಇವನ್ನ ಕೋಮಲ ನನಗ ಕೊಟ್ಟಾಳ್ರಿ. ಕಾಯಂ ಇಟ್ಕೋ ಅಂದ್ಳು. ಹೊಸಾ ಡ್ರೆಸ್ಸೂ ಕೊಟ್ಟಾಳ. ಯಾಕೋ ಹೆದರಿಕಿ ಆತ್ರಿ ನನಗ."

ಸಾವಕ್ಕ ಎದ್ದ ರಭಸಕ್ಕೆ ಮೊರ ಬೋರಲಾಗಿ ತಂಬಾಕು ಕಟ್ಟೆಯ ತುಂಬ ಚೆಲ್ಲಿತು. ಕಾಲಿಗೆ ಚಪ್ಪಲಿಯೂ ಇಲ್ಲದೆ ಓಡಿದಳು. ಮನೆಯ ಬಾಗಿಲು ತೆರೆದೇ ಇತ್ತು. ಕೋಮಲ ಗೋಡೆಗೆ ಒರಗಿ, ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಇದ್ದಳು, ದೇವರೇ, ಇದ್ದಳು! ಸಾವಕ್ಕನಿಗೆ ಅಳಬೇಕೋ ಬಾರಿಸಬೇಕೋ ತಿಳಿಯಲಿಲ್ಲ. ಬೆನ್ನ ಹಿಂದೆಯೇ ಹೆಂಗಸರ ಹೆಜ್ಜೆ ಕೇಳಿತು. "ಏನಾತ ಸಾವಕ್ಕ? ಏನಾತ?" ತುಳಸವ್ವನ ದನಿ. ಹಾಡಹಗಲು ಆ ಓಣಿಯಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ. ಸಾವಕ್ಕ ಹಾಕಿದಳು. ಅಗುಳಿಯನ್ನೂ ಸರಿಸಿದಳು. ಹೊರಗೆ ಬಡಿದವರು ಬಡಿದು ಬೇಸತ್ತು ಹೋದರು.

ಮಗಳೆದುರು ಕೂತಳು. ಊರಿಗೆಲ್ಲ ಮಾತು ಹಂಚುವವಳಿಗೆ ಒಂದು ಮಾತು ಸಿಗಲೊಲ್ಲದು!

"ನಾನೂ ಹೋಗಿದ್ದೆ" ಅಂದಳು ಕಡೆಗೆ. "ಉಗಾರ ಬುದ್ರುಕದಾಗ, ತವರೂರ ಹೊಳಿಗೆ. ನಿನ್ನಷ್ಟ ಇದ್ದೆ. ಎದಿಮಟ ನೀರಾಗ ನಿಂತಿದ್ದೆ. ಯಾರೋ ಮುದುಕ ಎಮ್ಮಿ ಮೈ ತೊಳ್ಯಾಕತ್ತಿದ್ದ. ನೀರಿನ ಆಳ ನನಗ ಗೊತ್ತಿಲ್ಲಂತ ತಿಳಕೊಂಡು, 'ಏ ತಂಗಿ, ಅಲ್ಲಿ ಆಳ ಐತಿ, ಈಚೀಗಿ ಬಾ' ಅಂದ. ಬಂದೆ. ನಮ್ಮವ್ವಗ, ಬಟ್ಟಿ ಒಗ್ಯಾಕ ಹೋಗಿ ಜಾರಿ ಬಿದ್ದೆ ಅಂದೆ. ನಿಮ್ಮಪ್ಪಗೂ ಗೊತ್ತಿಲ್ಲ."

ಕೋಮಲ ತಲೆ ಎತ್ತಿದಳು.

"ನಿನಗ ಗೊತ್ತಿತ್ತಲ್ಲ" ಅಂದಳು. "ಗೊತ್ತಿದ್ದೂ ನನಗ ಬೈದಿ. ಗೊತ್ತಿದ್ದೂ ಎಲ್ಲಾರ ಮುಂದ ಹೇಳಿ ನಗಿಸಿದಿ."

ಸಾವಕ್ಕ ಇಲ್ಲ ಅನ್ನಲಿಲ್ಲ. ಹೆದರಿ ಹಾಗೆ ಮಾಡಿದೆ ಅನ್ನುವ ನೆಪ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. "ಹೌದು, ತಪ್ಪ ಮಾಡೇನಿ. ಬೈಯಿ" ಅಂದಳು.

ಕೋಮಲ ಬೈಯಲಿಲ್ಲ. "ಆಮ್ಯಾಲೆ ಅದು ಹೋತೇನು?" ಎಂದು ಕೇಳಿದಳು.

ಎಲ್ಲ ತಾಯಂದಿರಿಗೂ ಇಂಥಲ್ಲಿ ಒಂದು ಸುಳ್ಳು ಸಿದ್ಧವಾಗಿರುತ್ತದೆ. ಸಾವಕ್ಕನಿಗೂ ಇತ್ತು. ಹೇಳಲಿಲ್ಲ. "ಒಮ್ಮಿಗೇ ಹೋಗ್ಲಿಲ್ಲ. ಎರಡ ವರ್ಷ ಇತ್ತು. ಒಬ್ಬಾಕೀನೇ ಅದನ್ನ ಹೊತ್ತಕೊಂಡು ತಿರಗಿದೆ."

"ನನ್ನ ಕಡಿಂದ ಎರಡ ವರ್ಷ ತಡಕೊಳ್ಳಾಕ ಆಗಂಗಿಲ್ಲ ಅವ್ವಾ" ಅಂದಳು ಕೋಮಲ. "ಎರಡ ದಿವಸನೂ ಆಗಂಗಿಲ್ಲ."

ಸಾವಕ್ಕ ಗೋಡೆ ಹಿಡಿದು ಎದ್ದಳು. "ಹಂಗಾದ್ರ ಈಗ ಹೋಗೂಣು, ಡಾಕ್ಟರ ಕಡೆ. ಹೇಳೂದೆಲ್ಲಾ ನೀನ ಹೇಳು. ನಾ ನಡುವ ಬಾಯಿ ಹಾಕಂಗಿಲ್ಲ. ಹೊರಗ ಕೂಡಂದ್ರ ಹೊರಗ ಕೂಡ್ತೇನಿ."

ಕೋಮಲ ಏಳಲಿಲ್ಲ. ಸಾವಕ್ಕ ಕೈ ಚಾಚಿಕೊಂಡು ನಿಂತೇ ಇದ್ದಳು. ತೋಳು ಸೋತರೂ ಇಳಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹುಡುಗಿ ಆ ಕೈ ಹಿಡಿದು, "ಡಾಕ್ಟರ ಕಡೆ ನೀನೂ ಒಳಗ ಬಾ" ಅಂದಳು.