ಎಡಗೈ ಹೊಲಿಗೆ

ಗವಿಯ ಬಾಯಿಗೆ ಬರುವಷ್ಟರಲ್ಲೇ ಸುಟ್ಟ ಎಣ್ಣೆಯ ನಾತ ಮೂಗಿಗೆ ಹೊಡೆಯಿತು. ಪುಣೆ ಹತ್ತಿರದ ಚಾಕಣದಲ್ಲಿ ನಾನು ದುಡಿಯುವ ಕಾರ್ಖಾನೆ ಯುನಿಟ್ಟಿನಲ್ಲಿ ನಾಲ್ಕು ವರ್ಷದಿಂದ ಸಹಿಸಿಕೊಂಡ ನಾತವೇ. ಆದರೆ ಗುಡ್ಡದ ಮೇಲೆ ಅದು ಸಿಕ್ಕಾಗ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಈ ಗವಿಯ ಕಲ್ಲುತೊಟ್ಟಿಯ ನೀರೇ ಬಂಡೆಯೊಳಗೆ ಜಿನುಗಿ, ನಮ್ಮ ಕೂಲಿಯವರ ವಸ್ತಿಯ ಹಿಂದೆ ಝರಿಯಾಗಿ ಬೀಳುತ್ತದೆ. ಟ್ಯಾಂಕರ್ ಬಾರದ ದಿನ ನಲವತ್ತು ಕೋಣೆಯವರು ಕುಡಿಯುವುದು ಅದನ್ನೇ.

ಎರಡು ತಿಂಗಳಿಂದ ಕೊಡದ ನೀರಿನ ಮೇಲೆ ಬಣ್ಣಬಣ್ಣದ ಜಿಡ್ಡು ತೇಲುತ್ತಿತ್ತು. ನನ್ನ ಮಗಳು ಸಪ್ನಾ ಮೈಯೆಲ್ಲ ಕೆರೆದುಕೊಂಡು ಗಾಯ ಮಾಡಿಕೊಂಡಿದ್ದಳು. ಪ್ರತಿ ರವಿವಾರ ಗುಡ್ಡದ ಕಸ ತೆಗೆಯಲು ಪುಣೆಯಿಂದ ಒಂದು ಗುಂಪು ಬರುತ್ತದೆ. ಅದರಲ್ಲಿ ಸ್ನೇಹಲ್ ಎಂಬ ಕನ್ನಡದ ಹುಡುಗಿ ಇದ್ದಾಳೆಂದು ತಿಳಿದು ನಾನೇ ಹೋಗಿ ನೀರಿನ ವಿಷಯ ಹೇಳಿದ್ದೆ. ಹೇಳಿದ ತಪ್ಪಿಗೆ ಇವತ್ತು ಅವರ ಜೊತೆ ಗುಡ್ಡ ಹತ್ತಿದ್ದೆ.

ಒಳಗೆ ಐವತ್ತು ಅರವತ್ತು ಚೀಲಗಳಿದ್ದವು. ಎಲ್ಲ ಸಿಮೆಂಟಿನ ಹಳೆಯ ಚೀಲಗಳು. ಹಿಂದಿನ ಕಲ್ಲುಗಣಿಯ ದಾರಿಯಿಂದ ಯಾರೋ ಟೆಂಪೊ ತಂದು ಸುರುವಿದ್ದರು. ಹರಿದ ಕಡೆಯಿಂದ ಕರಿ ಕೆಸರು ತೊಟ್ಟಿಗೆ ಇಳಿದಿತ್ತು. ಅದರಲ್ಲಿ ಒಂದು ಬಾವಲಿ ರೆಕ್ಕೆ ಅಗಲಿಸಿಕೊಂಡೇ ಸತ್ತು ಅಂಟಿಕೊಂಡಿತ್ತು. ಥೂ, ಇದನ್ನೇ ನಾನು ಸೋಸಿ, ಕಾಯಿಸಿ ಮಗಳಿಗೆ ಕುಡಿಸಿದ್ದೆ.

ಆಮೇಲೆ ಚೀಲದ ಹೊಲಿಗೆ ನೋಡಿದೆ.

ನಾನು ಎಡಚಿ. ಯುನಿಟ್ಟಿನಲ್ಲಿ ಕಬ್ಬಿಣ ಉಜ್ಜಿ ಉಳಿದ ಕೆಸರನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿಯುವುದು ನನ್ನ ಕೆಲಸ. ಎಲ್ಲರ ಹೊಲಿಗೆ ಒಂದು ಕಡೆ ವಾಲಿದರೆ ನನ್ನದು ಇನ್ನೊಂದು ಕಡೆ. ಎತ್ತಲು ಸುಲಭವಾಗಲೆಂದು ಎರಡು ಮೂಲೆಗೂ ಕಿವಿ ಬಿಟ್ಟು, ಮೂರು ಸುತ್ತು ಸುತಳಿ ಬಿಗಿಯುತ್ತೇನೆ. ಅವ್ವ ಜೋಳದ ಚೀಲ ಹೊಲಿಯುತ್ತಾ ಕಲಿಸಿದ್ದು. ಇಲ್ಲಿ ಎಲ್ಲ ಚೀಲಕ್ಕೂ ಅದೇ ಕಿವಿ, ಅದೇ ಮೂರು ಸುತ್ತು. "ಅವು ಸರ್ಕಾರದ ಜಾಗಾಕ ಹೋಗ್ತಾವ" ಎನ್ನುತ್ತಿದ್ದ ನಮ್ಮ ಸೂಪರ್‌ವೈಸರ್ ಧರ್ಮರಾಜ. ಯಾವ ಜಾಗ ಎಂದು ನಾನೂ ಕೇಳಿರಲಿಲ್ಲ.

"ಹೊಲ್ದವರ ಕೈ ಭಾಳ ಚಲೋ ಅದ," ಎಂದಳು ಸ್ನೇಹಲ್, ಒಂದು ಚೀಲದ ಕಿವಿ ಹಿಡಿದು. "ಯಾವ ಕಂಪನೀದು ಅಂತ ಗೊತ್ತಾಗಬೇಕ್ರಿ. ಇಲ್ಲಂದ್ರ ನಾವು ಇಳಸೋದು, ಅವರು ಮತ್ತ ತಂದು ಹಾಕೋದು. ನಿಮಗೇನರ ಗೊತ್ತದ ಏನ್ರಿ, ಅಕ್ಕಾ?"

"ನನಗೇನ್ ಗೊತ್ರಿ," ಎಂದೆ.

ಗಂಡ ಅವ್ವಣ್ಣನಿಗೂ ಅದೇ ಯುನಿಟ್ಟಿನಲ್ಲಿ ಕೆಲಸ. ಇರುವ ಕೋಣೆಯೂ ಅದೇ ಮಾಲೀಕನದು. ಬಾಯಿ ಬಿಟ್ಟರೆ ಮೂವರೂ ಬೀದಿಗೆ ಬೀಳುತ್ತೇವೆ.

ಹರಿದ ಚೀಲಗಳನ್ನು ಹಾಗೇ ಕೆಳಗಿಳಿಸುವಂತಿರಲಿಲ್ಲ. ಅದಕ್ಕೆಂದೇ ಸ್ನೇಹಲ್ ಖಾಲಿ ಚೀಲ, ದಬ್ಬಣ, ಸುತಳಿ ತಂದಿದ್ದಳು. ಹೊಲಿಯಲು ಯಾರಿಗೆ ಬರುತ್ತದೆ ಎಂದು ಕೇಳಿದಾಗ ಕೈಗವಸು ತೊಟ್ಟವರೆಲ್ಲ ನನ್ನ ಮುಖ ನೋಡಿದರು. ನಾನು ದಬ್ಬಣವನ್ನು ಬೇಕೆಂದೇ ಬಲಗೈಗೆ ತೆಗೆದುಕೊಂಡೆ.

ಬಲಗೈ ಮಾತು ಕೇಳಲಿಲ್ಲ. ಇಬ್ಬರು ಎತ್ತಿದ್ದೇ ತಡ ಚೀಲದ ಬಾಯಿ ಬಿಚ್ಚಿ, ಕೆಸರೆಲ್ಲ ತೊಟ್ಟಿಗೆ ಬಿತ್ತು. ನೀರಿನ ಮೇಲೆ ಹರಡಿ, ಬಂಡೆಯ ಸೀಳಿನ ಕಡೆಗೆ ಮೆಲ್ಲಗೆ ಸರಿಯತೊಡಗಿತು. ಆ ಸೀಳಿನ ಕೆಳಗೇ ನಾನು ಕೊಡ ಇಡುವುದು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇಷ್ಟು ದಿನ ಗೊತ್ತಿಲ್ಲದೆ ಹಾಕಿದ್ದ ವಿಷವನ್ನು ಈಗ ಗೊತ್ತಿದ್ದೂ ಹಾಕಿದ್ದೆ.

ದಬ್ಬಣ ಎಡಗೈಗೆ ಬದಲಿಸಿದೆ. ಇನ್ನೊಂದು ಚೀಲ ಸರಸರ ಹೊಲಿದು, ಕಿವಿ ಬಿಟ್ಟು, ಮೂರು ಸುತ್ತು ಬಿಗಿದೆ.

ಸ್ನೇಹಲ್ ಅದನ್ನು ನೋಡಿದಳು. ಪಕ್ಕದ ಹಳೆಯ ಚೀಲವನ್ನೂ ನೋಡಿದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ನಾ ಏನೂ ನೋಡಿಲ್ಲ ಅಂದ್ರ ನಡೀತದ ಏನ್ರಿ?" ಎಂದಳು.

"ನಡ್ಯಂಗಿಲ್ರಿ," ಎಂದೆ. "ಎರಡೂ ಚೀಲ ಬರೂಹಂಗ ಫೋಟೊ ತಗೋರಿ. ನನ್ನ ಕೈನೂ ಬರ್ಲಿ."

ಯುನಿಟ್ಟಿನ ಹೆಸರು, ಚೀಲ ಒಯ್ಯಲು ಟೆಂಪೊ ಬರುವ ದಿನ, ಎಲ್ಲ ಹೇಳಿದೆ. ಹೇಳಿ ಮುಗಿಸಿ, ಕೈ ತೊಳೆಯಲೆಂದು ತೊಟ್ಟಿಗೆ ಬಾಗಿದೆ. ಬೊಗಸೆಗೆ ಬಂದದ್ದು ನಾನೇ ತುಂಬಿದ ಕೆಸರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಚೀಲ ಎಳೆದುಕೊಂಡೆ.