ಮೇಲಿನ ಕೆರೆಯ ನೀರು

ಗಂಡ ತೀರಿಕೊಂಡ ಮೇಲೆ ಕೃಷ್ಣಮ್ಮನಿಗೆ ನಾಲ್ಕು ಮಾತಾಡಲು ಇದ್ದ ಜಾಗವೆಂದರೆ ಕೊಡಿಗೇಹಳ್ಳಿ ಆಚೆಗಿನ ಕೆರೆಯ ದಡ. ಬೆಳಗಾದರೆ ಹೆಂಗಸರು ಬಟ್ಟೆ ಗಂಟು ಹೊತ್ತು ಬರುತ್ತಿದ್ದರು. ಅವಳ ಪಕ್ಕದ ಕಲ್ಲು ಗಾರೆ ಮೇಸ್ತ್ರಿ ಮನ್ಸೂರನ ಹೆಂಡತಿ ಸಬೀರಾಳದು. ಸಬೀರಾ ಒಗೆಯುತ್ತ ಒಗೆಯುತ್ತಲೇ ಎಲ್ಲರನ್ನೂ ನಗಿಸುತ್ತಿದ್ದಳು.

ಎಂಬತ್ತನೇ ಇಸವಿಯ ಸುಮಾರಿಗೆ ಮೇಲುಗಡೆ ಹೊಸ ಬಡಾವಣೆ ಎದ್ದಿತು. ಅಲ್ಲಿನ ಮೋರಿ ನೀರೆಲ್ಲ ಕೆರೆಗೇ ಇಳಿಯಿತು. ನೀರು ಹಸಿರುಗಟ್ಟಿ ನಾರತೊಡಗಿತು, ಮೀನುಗಳು ಸತ್ತು ತೇಲಿದವು. ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಸಬೀರಾಳ ಸಂಸಾರ ಆರ್.ಟಿ. ನಗರಕ್ಕೆ ಹೋಯಿತು. ಕೃಷ್ಣಮ್ಮ ಬಾವಿ ನೀರು ಸೇದಿ ಹಿತ್ತಲಲ್ಲೇ ಒಗೆದುಕೊಂಡಳು. ಇಡೀ ದಿನ ಯಾರೊಂದಿಗೂ ತುಟಿ ಬಿಚ್ಚದೆ ಮಲಗಿದ್ದೂ ಉಂಟು.

ಕೆಲವು ವರ್ಷಗಳ ಮೇಲೆ ಚನ್ನಕೇಶವ ಎಂಬ ಇಂಜಿನಿಯರು ಬಂದು, ಮೋರಿ ನೀರು ಕೆರೆಗೆ ಬೀಳದಂತೆ ದೊಡ್ಡ ಪೈಪು ಹಾಕಿಸಿ ಆಚೆಗೆ ತಿರುಗಿಸಿದರು. “ಒಳಗಿರೋ ಕೊಳಕು ತಿಳಿಯಾಗ್ಬೇಕಾದ್ರೆ ಮೇಲಿನ ಕೆರೆಯಿಂದ ಒಳ್ಳೆ ನೀರು ಬಂದು ಬೆರೀಬೇಕು” ಎಂದರು. ಮೇಲಿನ ಕೆರೆಯ ಊರಿನವರು ಒಪ್ಪಲಿಲ್ಲ. ಆ ಊರಿನ ಹಿರಿಯ ಮುನಿವೆಂಕಟಯ್ಯ, ಕೃಷ್ಣಮ್ಮನ ಒಡಹುಟ್ಟಿದ ಅಣ್ಣ. ತಾಯಿ ಸತ್ತಾಗ ಆದ ಜಗಳದಿಂದ ಅವಳು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಈಗ ಹೋದಳು.

“ಇಷ್ಟ್ ವರ್ಸ ಅಣ್ಣ ಬೇಕಾಗಿರ್ಲಿಲ್ಲ, ಈಗ ಅಣ್ಣನ ಊರಿನ ನೀರು ಬೇಕಾ?” ಎಂದ ಅವನು. “ನಮ್ ಗದ್ದೆ ಏನಾಗ್ಬೇಕು?”

“ಕುಯ್ಲಾದ್ಮೇಲೆ ಬಿಡ್ಸಣ್ಣ. ಇಂಗೆ ಒಬ್ಳೇ ಇರಾಕೆ ಆಗ್ತಿಲ್ಲ. ಕೆರೆ ತಿಳಿಯಾದ್ರೆ ನಾಕ್ ಜನ ಬತ್ತಾರೆ.”

ಅತ್ತಿಗೆ ಮುದ್ದೆ ಬಡಿಸಿದಳು. ಉಂಡು ಎದ್ದಾಗ, “ಕುಯ್ಲು ಮುಗೀಲಿ, ನಾನೇ ಹೇಳ್ತೀನಿ ಊರವ್ರಿಗೆ” ಎಂದ. ಇದ್ದು ಹೋಗು ಎಂದು ಮಾತ್ರ ಕರೆಯಲಿಲ್ಲ.

ಕುಯ್ಲಾದ ಮೇಲೆ ಮಾತಿನಂತೆ ಮೇಲಿನ ಕೆರೆಯ ತೂಬು ಎತ್ತಿಸಿದ. ಹೊಸ ನೀರು ನುಗ್ಗಿ, ಹಸಿರು ನೀರು ಕೋಡಿ ದಾಟಿ ಹರಿದುಹೋಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ದಡದ ನೀರಿನಲ್ಲಿ ಮರಳು ಕಾಣತೊಡಗಿತು. ಕೃಷ್ಣಮ್ಮ ಅದೇ ವಾರ ಆರ್.ಟಿ. ನಗರದ ಬಸ್ಸು ಹತ್ತಿದಳು.

ಸಬೀರಾ ಬಾಗಿಲಲ್ಲೇ ತಬ್ಬಿಕೊಂಡಳು, ಚಹಾ ಮಾಡಿದಳು. ಕೆರೆಯ ಸುದ್ದಿ ಕೇಳಿ ಕಣ್ಣರಳಿಸಿದಳು. ಆಮೇಲೆ ಬಚ್ಚಲಿನ ಕಡೆ ಕೈ ತೋರಿಸಿದಳು.

“ಮನೇಲೇ ನಲ್ಲಿ ಬಂತಲ್ಲ ಅಕ್ಕಾ. ಅಷ್ಟ್ ದೂರ ಬಟ್ಟೆ ಹೊತ್ಕೊಂಡು ಯಾರು ಬರ್ತಾರೆ ಹೇಳಿ? ನಿಮ್ಮನ್ನ ನೋಡೋಕೆ ಬರ್ತೀನಿ, ಒಂದಿನ.”

“ಬಾ ಕಣೇ” ಎಂದಳು ಕೃಷ್ಣಮ್ಮ. ಸಬೀರಾ ಬರುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು.

ಮರುದಿನ ಬೆಳಿಗ್ಗೆ ತನ್ನೆರಡು ಸೀರೆ ಹಿಡಿದು ಕೆರೆಗೆ ಇಳಿದಳು. ಆಚೆ ದಡದಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಕೂಗಿದರೂ ಕೇಳದಷ್ಟು ದೂರ. ನೀರು ತಣ್ಣಗೆ, ಚೊಕ್ಕಟವಾಗಿತ್ತು. ನಿಧಾನವಾಗಿ ಒಗೆದು, ಗರಿಕೆಯ ಮೇಲೆ ಹರವಿ, ಒಣಗುವವರೆಗೂ ಅಲ್ಲೇ ಕೂತಿದ್ದಳು.